ಪಾಂಬನ್ ಸೇತುವೆ: ಒಮ್ಮೆ ನಿದ್ದೆಯಲ್ಲಿ, ಒಮ್ಮೆ ನಡೆದು

ತಮಿಳುನಾಡಿನಲ್ಲಿ ಸಮುದ್ರದ ಮೇಲೆ ಹಾದು ರಾಮೇಶ್ವರ ದ್ವೀಪಕ್ಕೆ ಹೋಗುವ ಪಾಂಬನ್ ಸೇತುವೆಯನ್ನು ಮೊದಲ ಸಲ ದಾಟುವಾಗ ನಾನು ನಿದ್ದೆ ಹೊಡೆಯುತ್ತಿದ್ದೆ. ದಾವಣಗೆರೆಯಿಂದ ಬೆಂಗಳೂರು, ಅಲ್ಲಿಂದ ರಾತ್ರಿ ರೈಲಿನಲ್ಲಿ ಮಧುರೈ, ಮತ್ತೆ ಬಸ್ಸು. ಅವ್ವ ತಿವಿದು ಎಬ್ಬಿಸುವಷ್ಟರಲ್ಲಿ ಸಮುದ್ರ ಮುಗಿದು ತೆಂಗಿನ ಮರಗಳು ಬಂದಿದ್ದವು. ನಾನು ಅಷ್ಟು ದೂರ ಹೋಗಿದ್ದೇ ಆ ಸೇತುವೆ ನೋಡೋಕೆ! ಅವ್ವ ಬಂದಿದ್ದು ರಾಮೇಶ್ವರದ 22 ತೀರ್ಥಗಳ ಸ್ನಾನಕ್ಕೆ, ಅದು ಬೇರೆ ಮಾತು.

ಮರುದಿನ ಆಟೋ ಕೇಳಿದೆ. ಸೇತುವೆ ನಡುವೆ ನಿಲ್ಲಿಸಿದರೆ ಪೊಲೀಸರು ಬೈತಾರೆ ಅಂತ ಯಾರೂ ಒಪ್ಪಲಿಲ್ಲ. ಒಳ್ಳೆಯದೇ ಆಯಿತು. ಹತ್ತು ಹನ್ನೆರಡು ಕಿ.ಮೀ. ಬಸ್ಸಲ್ಲಿ ಹೋಗಿ ಪಾಂಬನ್‌ನಲ್ಲಿ ಇಳಿದು, ಬಿಸಿಲೇರುವ ಮೊದಲೇ ನಡೆಯಲು ಶುರು ಮಾಡಿದೆವು.

ರಸ್ತೆ ಸೇತುವೆ 1988ರದು, ಉದ್ದ ಸುಮಾರು 2.3 ಕಿ.ಮೀ. ನಡುವೆ ಎತ್ತರ ಇರುವುದರಿಂದ ಅರ್ಧ ದಾರಿ ಏರು. ಬಸ್ಸು ಪಕ್ಕದಲ್ಲಿ ಹೋದಾಗಲೆಲ್ಲ ಕಾಲಡಿ ಸಣ್ಣಗೆ ನಡುಗುತ್ತದೆ. ಪಕ್ಕದ ಕಂಬಿ ಮುಟ್ಟಿದರೆ ಅಂಟಂಟು. ಹತ್ತು ನಿಮಿಷಕ್ಕೆ ನನ್ನ ಕನ್ನಡಕದ ಮೇಲೆ ಉಪ್ಪಿನ ಪೊರೆ ಕೂತಿತ್ತು, ಶರ್ಟಿನಿಂದ ಒರೆಸಿದರೆ ಇನ್ನೂ ಮಬ್ಬು. ನೀರು ಬಾಟಲಿಯ ಜೊತೆ ಒಂದು ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಟೋಪಿ ಮಾತ್ರ ಬೇಡ, ನನ್ನದು ಈಗ ಸಮುದ್ರದಲ್ಲಿದೆ.

ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಕೆಳಗೆ ಮೀನಿನ ದೋಣಿಗಳು. ಸೂಳೆಕೆರೆಯನ್ನೇ ಸಮುದ್ರ ಅಂದುಕೊಂಡು ಬೆಳೆದವನಿಗೆ ಎರಡೂ ಕಡೆ ದಡ ದೂರ ಅನ್ನೋದು ಸ್ವಲ್ಪ ಹೆದರಿಕೆಯೇ. ನಡುವಿನ ಎತ್ತರದಲ್ಲಿ ನಿಂತು, ಮನೆಯಿಂದ ತಂದಿದ್ದ ಖಾರ ಮಂಡಕ್ಕಿ ಪೊಟ್ಟಣ ಬಿಚ್ಚಿದೆ. ಒಂದು ಮುಕ್ಕು ಬಾಯಿಗೆ, ಉಳಿದದ್ದು ಗಾಳಿಗೆ. "ಸುಮ್ನೆ ಕಟ್ಟಿ ಇಟ್ಕೊಳ್ಳೋ, ಮೀನಿಗೆ ಹಾಕಾಕ ತಂದೀಯೇನು?" ಅಂದಳು ಅವ್ವ.

ನಾವು ಹೋದಾಗ ಅಲ್ಲಿಂದ ಹಳೆಯ, ಹೊಸ ರೈಲು ಸೇತುವೆಗಳು ಎರಡೂ ಚೆನ್ನಾಗಿ ಕಾಣುತ್ತಿದ್ದವು. ಹಳೆಯದು 1914ರದು. ಹಡಗು ಬಂದರೆ ಅದರ ನಡುಭಾಗ ಎರಡು ರೆಕ್ಕೆಯಂತೆ ಮೇಲೇಳುತ್ತಿತ್ತು, ಜನ ಕೈಯಿಂದಲೇ ತಿರುಗಿಸಿ ಎತ್ತುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ದ್ವೀಪದ ತುದಿಯ ಊರು ಧನುಷ್ಕೋಟಿಯ ಜೊತೆ ಒಂದು ಪ್ಯಾಸೆಂಜರ್ ರೈಲನ್ನೂ ನುಂಗಿತು, ಈ ಸೇತುವೆಯನ್ನೂ ಮುರಿಯಿತು. ಮುಂದೆ ಕೊಂಕಣ ರೈಲ್ವೆ ಕಟ್ಟಿದ ಇ. ಶ್ರೀಧರನ್ ಆಗ ಇದನ್ನು 46 ದಿನದಲ್ಲಿ ಸರಿಮಾಡಿಸಿದರಂತೆ. ಆ ಗಾಳಿಯಲ್ಲಿ ನಿಂತು ಇದನ್ನು ನೆನೆಸಿಕೊಂಡಾಗ ಲೆಕ್ಕ ಬೇರೆಯೇ ಅನ್ನಿಸಿತು. ನನಗೆ ಒಂದು ಟೋಪಿ ಹಿಡಿದುಕೊಳ್ಳೋಕೆ ಆಗಿರಲಿಲ್ಲ, ಅಲ್ವಾ?

ಹೊಸದರ ಮೇಲೆ ರೈಲು ಓಡಾಟ 2025ರ ಏಪ್ರಿಲ್‌ನಲ್ಲಿ ಶುರುವಾಯಿತು, ನಾವು ಹೋದದ್ದು ಮೇ ತಿಂಗಳಲ್ಲಿ. ಇದರ 72.5 ಮೀಟರ್ ಭಾಗ ಹಾಗೇ ಅಡ್ಡವಾಗಿಯೇ, ಲಿಫ್ಟಿನಂತೆ 17 ಮೀಟರ್ ಮೇಲಕ್ಕೆ ಹೋಗುತ್ತದೆ. ಒಂದು ಗಂಟೆ ಕಾದೆವು. ಹಡಗು ಬರಲಿಲ್ಲ, ಅದು ಏಳಲೂ ಇಲ್ಲ.

ವಾಪಸ್ಸು ಬಸ್ ಬೇಡ ಅಂತ ರಾಮೇಶ್ವರದಿಂದ ಮಧುರೈ ಪ್ಯಾಸೆಂಜರ್ ಹತ್ತಿದೆವು. ನನ್ನ ಮಟ್ಟಿಗೆ ಅದೇ ಸರಿಯಾದ ಕ್ರಮ: ಮೊದಲು ನಡೆದು ನೋಡಿ, ಆಮೇಲೆ ರೈಲಲ್ಲಿ ದಾಟಿ. ಸೇತುವೆ ಮೇಲೆ ರೈಲು ನಿಧಾನವಾಯಿತು. ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಬರೀ ನೀರು.

ಹರಿಹರದಲ್ಲಿ ತುಂಗಭದ್ರೆ ದಾಟುವಾಗ ಅವ್ವ ಪ್ರತಿ ಸಲ ಒಂದು ರೂಪಾಯಿ ಎಸೆಯುತ್ತಾಳೆ. ಇಲ್ಲೂ ಸೆರಗಿನ ಗಂಟು ಬಿಚ್ಚಿದಳು. ಒಂದು ರೂಪಾಯಿ ತೆಗೆದು, ನೀರು ನೋಡಿದಳು. ಅದನ್ನು ಮತ್ತೆ ಗಂಟಿಗೆ ಹಾಕಿ ಐದರ ನಾಣ್ಯ ಹುಡುಕತೊಡಗಿದಳು. ಸಿಗುವಷ್ಟರಲ್ಲಿ ಆಚೆ ದಡದ ಮಂಡಪಂ ಬಂದಿತ್ತು.