ಶೋಲಕಿಲಿಯ ಒಂದು ಹನಿ ರಕ್ತದಲ್ಲಿ ನಾನು ಹುಡುಕಿದ್ದು

ಶೋಲಕಿಲಿಯನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಅದರ ಎದೆಬಡಿತ ಬೆರಳಿಗೆ ತಾಗುತ್ತಿತ್ತು. ಕಡುನೀಲಿ ಬೆನ್ನು, ಉದ್ದನೆಯ ಕಾಲು. ಶೋಲಾ ಕಾಡಿನ ನೆಲದಲ್ಲಿ ಕುಪ್ಪಳಿಸುತ್ತಾ, ತರಗೆಲೆಯ ನಡುವೆ ಹುಳ ಹುಡುಕಿ ಬದುಕುವ ಹಕ್ಕಿ. ನೆರಳು ಬಿಟ್ಟು ಬಯಲಿಗೆ ಬರುವುದು ಅದಕ್ಕೆ ಒಗ್ಗುವುದಿಲ್ಲ.

ಶೋಲಾ ಇರುವುದು ಪಶ್ಚಿಮಘಟ್ಟದ ನೆತ್ತಿಯ ಮೇಲೆ, ಹುಲ್ಲುಗಾವಲಿನ ನಡುವಿನ ತಗ್ಗುಗಳಲ್ಲಿ. ಬೆಟ್ಟ ಇಳಿದರೆ ಬಿಸಿ, ಬೇರೆಯದೇ ಕಾಡು. ಘಟ್ಟವನ್ನೇ ಕತ್ತರಿಸುವ ಪಾಲಕ್ಕಾಡ್ ಕಣಿವೆಯಂತೂ ಸುಮಾರು 40 ಕಿಲೋಮೀಟರ್ ಅಗಲವಿದೆ. ಅದರ ಉತ್ತರಕ್ಕೆ, ನಮ್ಮ ಬಾಬಾಬುಡನ್‌ಗಿರಿಯವರೆಗೂ, ಇರುವುದು ನೀಲಗಿರಿ ಶೋಲಕಿಲಿ. ಅದರ ಪಕ್ಕೆಯಲ್ಲಿ ಇಟ್ಟಿಗೆ ಬಣ್ಣ. ದಕ್ಷಿಣಕ್ಕೆ ಬಿಳಿಹೊಟ್ಟೆಯ ಶೋಲಕಿಲಿ. ಇನ್ನೂ ಕೆಳಗೆ, ಸೆಂಗೋಟ್ಟೈ ಕಣಿವೆಯಾಚೆ, ಅಶಾಂಬು ಶೋಲಕಿಲಿ. ಹಿಂದೆ ಇವನ್ನೆಲ್ಲ ಹಿಮಾಲಯದ ಹಕ್ಕಿಗಳ ಗುಂಪಿಗೆ ಸೇರಿಸಿದ್ದರು. ಡಿಎನ್‌ಎ ಓದಿದ ಮೇಲೆ, ನೊಣಹಿಡುಕಗಳೇ ಇವಕ್ಕೆ ಹತ್ತಿರದ ನೆಂಟರು ಅಂತ ಗೊತ್ತಾಯಿತು. 2017ರಲ್ಲಿ ಶೋಲಿಕೋಲಾ ಎಂಬ ಹೊಸ ಕುಲವೇ ಬಂತು.

ಕಣಿವೆಗಳು ಈ ಹಕ್ಕಿಗಳನ್ನು ಬೇರೆ ಮಾಡಿದ ಕಥೆ ತುಂಬಾ ಹಳೆಯದು. ನನಗೆ ಬೇಕಿದ್ದದ್ದು ಹೊಸ ಕಥೆ. ಟೀ ತೋಟ, ಹೊರಗಿನಿಂದ ತಂದು ನೆಟ್ಟ ವಾಟಲ್ ಮರಗಳ ತೋಪು, ಅಣೆಕಟ್ಟಿನ ಹಿನ್ನೀರು. ಇವು ಒಂದೇ ಬೆಟ್ಟದ ಹಕ್ಕಿಗಳನ್ನೂ ಬೇರೆ ಮಾಡುತ್ತಿವೆಯಾ?

ಅರಣ್ಯ ಇಲಾಖೆಯ ಅನುಮತಿ ಬರಲು ತಿಂಗಳುಗಳೇ ಹಿಡಿದವು. ಆಮೇಲೆ ಬೆಳಗಾಗುವ ಮುಂಚೆ ಬಲೆ ಕಟ್ಟುವ ಕೆಲಸ. ಕೂದಲಿನಷ್ಟು ತೆಳುವಾದ ದಾರದ ಬಲೆ ಅದು. ಮಳೆ ಹನಿಯಿತೆಂದರೆ ತಕ್ಷಣ ಸುತ್ತಿಡುತ್ತಿದ್ದೆವು. ನೆನೆದ ಹಕ್ಕಿ ಆ ಚಳಿಯಲ್ಲಿ ಬದುಕುವುದು ಕಷ್ಟ. ಕಾಲಿಗೆ ಉಂಗುರ ತೊಡಿಸಿ, ರೆಕ್ಕೆಯಡಿಯ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆದು, ಹಿಡಿದ ಜಾಗದಲ್ಲೇ ಬಿಡುತ್ತಿದ್ದೆವು. ಒಂದೇ ಹನಿ ಸಾಕು. ನಮ್ಮ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುವುದಿಲ್ಲ, ಹಕ್ಕಿಗಳದ್ದರಲ್ಲಿ ಇರುತ್ತದೆ. ಹಾಗಾಗಿ ಅಷ್ಟರಲ್ಲೇ ಬೇಕಾದಷ್ಟು ಡಿಎನ್‌ಎ ಸಿಗುತ್ತದೆ.

ತಪ್ಪು ಮಾಡಿದ್ದು ಲ್ಯಾಬ್‌ನಲ್ಲಿ. ಎಲ್ಲರೂ ಮಾಡುವಂತೆ ಮೈಟೊಕಾಂಡ್ರಿಯಾದ (ಜೀವಕೋಶದೊಳಗೆ ತನ್ನದೇ ಡಿಎನ್‌ಎ ಇರುವ ಪುಟ್ಟ ಭಾಗ) ಒಂದು ಜೀನ್ ಓದಿದೆ. ಪಾಲಕ್ಕಾಡ್‌ನ ಎರಡು ಬದಿಯ ಹಕ್ಕಿಗಳ ನಡುವೆ ದೊಡ್ಡ ವ್ಯತ್ಯಾಸ ಕಂಡಿತು. ಟೀ ತೋಟದ ಎರಡು ಬದಿಯ ಹಕ್ಕಿಗಳಲ್ಲಿ ಏನೂ ಇಲ್ಲ. ತೋಟಗಳಿಂದ ತೊಂದರೆಯಿಲ್ಲ ಅಂತ ವರದಿ ಬರೆಯಲು ಕೂತೇಬಿಟ್ಟಿದ್ದೆ. ಲ್ಯಾಬ್‌ನ ಹಿರಿಯರೊಬ್ಬರು ಓದಿ, "ತೋಟ ಬಂದು ಎಷ್ಟು ವರ್ಷ ಆಯ್ತು? ಈ ಜೀನ್ ಬದಲಾಗೋಕೆ ಎಷ್ಟು ವರ್ಷ ಬೇಕು?" ಅಂತ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಲಕ್ಷಾಂತರ ವರ್ಷಗಳ ಅಗಲಿಕೆಯನ್ನು ತೋರಿಸುವ ಜೀನ್ ಅದು. ನೂರಿನ್ನೂರು ವರ್ಷದ್ದು ಅದರಲ್ಲಿ ಕಾಣಿಸಲಿಲ್ಲ ಅಂದರೆ, ಇಲ್ಲ ಅಂತ ಅರ್ಥವಲ್ಲ. ವ್ಯತ್ಯಾಸ ಕಾಣದಿದ್ದದ್ದಕ್ಕೂ ವ್ಯತ್ಯಾಸವೇ ಇಲ್ಲದ್ದಕ್ಕೂ ಇರುವ ಅಂತರ ನನಗೆ ಆ ದಿನ ಅರಿವಾಯಿತು. ಆ ವರದಿ ಹೊರಗೆ ಹೋಗಿದ್ದರೆ ಅದನ್ನೇ ತೋರಿಸಿ ಇನ್ನೊಂದು ತುಂಡು ಶೋಲಾ ಕಡಿಯಬಹುದಿತ್ತು. ಇದನ್ನು ನೆನೆದರೆ ಈಗಲೂ ಭಯವಾಗುತ್ತದೆ.

ಮತ್ತೆ ಮೊದಲಿನಿಂದ ಶುರು. ಈ ಸಲ ಮೈಕ್ರೋಸ್ಯಾಟಲೈಟ್‌ಗಳು. ಡಿಎನ್‌ಎಯ ಎರಡು ಮೂರು ಅಕ್ಷರಗಳು ಸಾಲಾಗಿ ಮತ್ತೆ ಮತ್ತೆ ಬರುವ ತುಣುಕುಗಳಿವು, ಬೇಗ ಬದಲಾಗುತ್ತವೆ. ಅದೇ ಮಾದರಿಗಳು, ಅದೇ ಟ್ಯೂಬ್‌ಗಳು. ಹಾರಿದರೆ ಕೆಲವೇ ನಿಮಿಷದ ದಾರಿ, ಆದರೂ ತೋಟದ ಆಚೆ ಈಚೆ ಹಕ್ಕಿಗಳು ಬೇರೆಯಾಗತೊಡಗಿದ್ದವು. ಕಾಡು ಮುರಿಯದೆ ಉಳಿದ ಕಡೆ, ಅಷ್ಟೇ ದೂರದಲ್ಲಿ, ಹಾಗಾಗಿರಲಿಲ್ಲ.

ಎಲ್ಲ ಹಕ್ಕಿಗಳೂ ಹೀಗಲ್ಲ. ಘಟ್ಟದ ಮೇಲಿನ 23 ಜಾತಿಗಳನ್ನು ಒಟ್ಟಿಗೆ ನೋಡಿದ ಅಧ್ಯಯನದಲ್ಲಿ 10 ಜಾತಿಗಳಿಗೆ ಮಾತ್ರ ಪಾಲಕ್ಕಾಡ್ ಕಣಿವೆ ಗಡಿಯಾಗಿತ್ತು. ಅದೇ ಶೋಲಾದ ಲಾಫಿಂಗ್ ಥ್ರಶ್‌ಗಳು ಪೊದೆಗಳಿಗೆ, ತೋಟದ ಅಂಚಿಗೆ ಸಲೀಸಾಗಿ ಬರುವುದನ್ನು ನಾನೇ ನೋಡಿದ್ದೇನೆ. ಬೆಟ್ಟದ ಹಕ್ಕಿಗಳು ಅಂತ ಒಂದೇ ಮಾತಿನಲ್ಲಿ ಹೇಳುವುದನ್ನು ಆಮೇಲೆ ಬಿಟ್ಟೆ.

ಮರುವರ್ಷ ಅದೇ ಶೋಲಾಗೆ ಹೋದೆವು. ಮೊದಲ ಬೆಳಗ್ಗೆ ಬಲೆಗೆ ಬಿದ್ದ ಶೋಲಕಿಲಿಯ ಕಾಲಲ್ಲಿ ಉಂಗುರವಿತ್ತು. ನಂಬರ್ ಓದಿ ನೋಟ್‌ಬುಕ್ ತಿರುವಿದೆ. ಹಿಂದಿನ ವರ್ಷ ನಾವೇ ತೊಡಿಸಿದ್ದು, ಅದೇ ತೊರೆಯ ಪಕ್ಕ, ಅದೇ ಬಲೆಯ ಜಾಗದಲ್ಲಿ. ರಕ್ತ ತೆಗೆಯದೆ, ತೂಕವಷ್ಟೇ ನೋಡಿ ಬಿಟ್ಟೆವು. ನೆಲಕ್ಕೆ ಹತ್ತಿರವಾಗಿ ಹಾರಿ, ನಾಲ್ಕು ಹೆಜ್ಜೆ ದೂರದ ಜರಿಗಿಡದ ಕೆಳಗೆ ನುಸುಳಿತು.