ಅರಿವಳಿಕೆಗೆ ಮುನ್ನ ಒಪಿಯಾಯ್ಡ್: ಚುಚ್ಚಿದ ನಂತರದ ಅರ್ಧ ಗಂಟೆ

ನಾಯಿ, ಬೆಕ್ಕುಗಳಿಗೆ ಅರಿವಳಿಕೆಯ ಮುನ್ನ ಒಪಿಯಾಯ್ಡ್ (ಮಾರ್ಫಿನ್ ಗುಂಪಿನ ನೋವುನಿವಾರಕ) ಕೊಡುವುದರಿಂದ ಕತ್ತರಿ ತಾಗುವ ಮೊದಲೇ ನೋವಿಗೆ ತಡೆ ಬೀಳುತ್ತದೆ. ಆಮೇಲೆ ಬೇಕಾಗುವ ಅರಿವಳಿಕೆ ಔಷಧಗಳಾದ ಪ್ರೊಪೊಫಾಲ್ ಮತ್ತು ಐಸೊಫ್ಲುರೇನ್‌ಗಳ ಪ್ರಮಾಣವೂ ಇಳಿಯುತ್ತದೆ. ಇದು ಪಶುವೈದ್ಯರು ಮಾತ್ರ ಮಾಡಬೇಕಾದ ಕೆಲಸ.

ಮೊದಲು ಪ್ರಾಣಿಯನ್ನು ಪರೀಕ್ಷಿಸಿ, ತಕ್ಕಡಿಯಲ್ಲಿಟ್ಟು ತೂಗಿರಿ. ಅಂದಾಜು ತೂಕ ಬೇಡ.

ಎರಡನೆಯದು ಔಷಧದ ಆಯ್ಕೆ. ಒಪಿಯಾಯ್ಡ್‌ಗಳಲ್ಲಿ ಬ್ಯುಟಾರ್ಫನಾಲ್ ಮಂಪರು ತರಿಸುತ್ತದೆ, ಆದರೆ ಅದರ ನೋವುನಿವಾರಣೆ ಸೌಮ್ಯವಾದದ್ದು ಮತ್ತು ಅಲ್ಪಾವಧಿಯದು. ಎಕ್ಸ್‌ರೇಗೆ ಅದು ಸಾಕು. ಮುರಿದ ಮೂಳೆ ಜೋಡಿಸುವಾಗ ಅದನ್ನೇ ನೆಚ್ಚಿಕೊಳ್ಳುವುದು ಕೆಟ್ಟ ಅಡ್ಡದಾರಿ, ಮೇಲಾಗಿ ಅದರ ಪ್ರಭಾವವಿರುವಾಗ ಕೊಟ್ಟ ಮಾರ್ಫಿನ್ ಕೂಡ ಪೂರ್ಣ ಫಲ ಕೊಡುವುದಿಲ್ಲ. ಮಾರ್ಫಿನ್ ವಾಂತಿ ಬರಿಸುವುದರಿಂದ ಕರುಳು ಕಟ್ಟಿದ, ಕಣ್ಣಿಗೆ ಅಥವಾ ತಲೆಗೆ ಪೆಟ್ಟಾದ ಪ್ರಾಣಿಗೆ ಅದು ಸಲ್ಲದು. ವಾಂತಿಯ ತೊಂದರೆ ಅಪರೂಪವಾದ ಮೆಥಡೋನ್ ಸಿಗುವಲ್ಲಿ, ನಾಯಿಗೆ ಪ್ರತಿ ಕಿಲೋಗೆ 0.2ರಿಂದ 0.5 ಮಿಲಿಗ್ರಾಂನಂತೆ ಅದನ್ನೇ ಕೊಡಿ ಎನ್ನುತ್ತೇನೆ.

ಬೆಕ್ಕಿನ ಡೋಸನ್ನು 1 ಮಿಲಿಲೀಟರ್ ಸಿರಿಂಜಿನಲ್ಲೇ ಎಳೆಯಿರಿ. 5 ಮಿಲಿಲೀಟರ್ ಸಿರಿಂಜಿನಲ್ಲಿ ಗೆರೆಯೊಂದು ತಪ್ಪಿದರೂ ಡೋಸ್ ಎರಡು ಪಟ್ಟಾದೀತು. ಔಷಧದ ಹೆಸರು ಬರೆಯದ ಸಿರಿಂಜನ್ನು ಎಸೆದುಬಿಡಿ.

ಇನ್ನು, ಬಹಳ ಮಂದಿ ಎಡವುವ ಹಂತ ಕಾಯುವುದು. ಸೂಜಿ ತೆಗೆದ ಐದೇ ನಿಮಿಷಕ್ಕೆ ನಾಯಿಯನ್ನು ಮೇಜಿಗೇರಿಸಿ, ಅದು ಒದ್ದಾಡಿದಾಗ ‘ಮದ್ದು ಹತ್ತಲಿಲ್ಲ’ ಎಂದು ಪ್ರೊಪೊಫಾಲನ್ನು ಧಾರಾಳವಾಗಿ ತಳ್ಳುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಸ್ನಾಯುವಿಗೆ ಚುಚ್ಚಿದ ಮೆಥಡೋನ್‌ಗೆ 20ರಿಂದ 30 ನಿಮಿಷ ಬೇಕು, ಇನ್ನೊಂದು ಒಪಿಯಾಯ್ಡ್ ಆದ ಬ್ಯುಪ್ರೆನಾರ್ಫಿನ್‌ಗೆ ಇನ್ನೂ ಹೆಚ್ಚು. ಸೂಜಿ ಕೊಬ್ಬಿನಲ್ಲೇ ಉಳಿದರೆ ಅದೂ ಸಾಲದು. ಗೂಡಿಗೆ ಬಟ್ಟೆ ಮುಚ್ಚಿ, ದೀಪ ತಗ್ಗಿಸಿ, ಮಾತು ನಿಲ್ಲಿಸಿ, ಆದರೆ ಪ್ರಾಣಿಯ ಮೇಲಿನ ಕಣ್ಣು ತೆಗೆಯಬೇಡಿ. ನಾಯಿ ತೇಕತೊಡಗಿದರೆ ಉಸಿರುಕಟ್ಟಿತೆಂದು ಗಾಬರಿಯಾಗದೆ ಮೊದಲು ವಸಡಿನ ಬಣ್ಣ ನೋಡಿ; ಒಪಿಯಾಯ್ಡ್ ಪಡೆದ ನಾಯಿ ತೇಕುವುದು ಸಾಮಾನ್ಯ. ಬೆಕ್ಕಿನ ಕಣ್ಣಪಾಪೆ ಅಗಲವಾಗಿ ಅರಳುವುದರಿಂದ ಬೆಳಕು ಅದಕ್ಕೆ ಚುಚ್ಚುತ್ತದೆ, ಕೈ ಚಾಚಿದರೆ ಬೆದರುತ್ತದೆ, ಮಾತಾಡಿಸಿಯೇ ಮುಟ್ಟಿ. ಆರೋಗ್ಯವಂತ ಎಳೆಯ ನಾಯಿಗೆ ಒಪಿಯಾಯ್ಡ್ ಒಂದರಿಂದಲೇ ಮಂಪರು ಸಾಲುವುದಿಲ್ಲ, ಶಾಂತಗೊಳಿಸುವ ಏಸ್‌ಪ್ರೊಮಜೀನ್‌ನಂಥ ಜೊತೆ ಬೇಕು.

ತಲೆ ತಗ್ಗಿ, ಕಣ್ಣಿನ ಒಳಮೂಲೆಯ ಮೂರನೆಯ ರೆಪ್ಪೆ ಇಣುಕಿದ ಮೇಲೆ ಪ್ರೊಪೊಫಾಲನ್ನು ನಿಧಾನವಾಗಿ, ಪರಿಣಾಮ ನೋಡಿಕೊಂಡು ಕೊಡಿ. ಹೃದಯದ ಬಡಿತ ತೀರಾ ಇಳಿದು ರಕ್ತದೊತ್ತಡವೂ ಕುಸಿದರೆ ಬಡಿತ ಏರಿಸುವ ಅಟ್ರೊಪಿನ್ ಇದೆ. ಉಸಿರಾಟ ಅಪಾಯದ ಮಟ್ಟಕ್ಕೆ ಇಳಿದರೆ ಮೊದಲು ಆಮ್ಲಜನಕ ಮತ್ತು ಕೃತಕ ಉಸಿರಾಟ, ಬಳಿಕ ಒಪಿಯಾಯ್ಡ್ ಪ್ರಭಾವವನ್ನು ಅಳಿಸುವ ನಲಾಕ್ಸೋನ್. ಅದನ್ನು ಒಮ್ಮೆಲೇ ತಳ್ಳಿದರೆ ಔಷಧದ ನೋವುನಿವಾರಣೆಯೂ ಅಳಿಸಿಹೋಗುವುದರಿಂದ ಹನಿಹನಿಯಾಗಿ ಕೊಡಿ, ಮತ್ತು ಅದರ ಪ್ರಭಾವ ಒಪಿಯಾಯ್ಡ್‌ಗಿಂತ ಬೇಗ ಮುಗಿಯಬಹುದಾದ್ದರಿಂದ ಇನ್ನೊಂದು ಡೋಸನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ.