ಸಿಇಟಿ ದಿನ ನಡುವಿನ ಬಿಡುವು ಜೋಪಾನ
ಸಿಇಟಿ ಬರೆಯುವ ಮಕ್ಕಳಿಗೂ ಮನೆಯವರಿಗೂ ಒಂದು ಮಾತು. ಒಂದೇ ದಿನ ಎರಡು ಪತ್ರಿಕೆ. ಕಾಡುವುದು ನಡುವಿನ ಬಿಡುವು. ಬೆಳಗಿನ ಉತ್ತರಗಳನ್ನು ಗೆಳೆಯರೊಂದಿಗೆ ತಾಳೆ ನೋಡಲೇಬೇಡಿ. ನನ್ನ ಮಗಳು ಹಾಗೆ ನೋಡಿ, ಎರಡು ತಪ್ಪಾಗಿವೆ ಎಂಬ ಬೇಸರದಲ್ಲಿ ಊಟವನ್ನೇ ಬಿಟ್ಟಳು. ಮಧ್ಯಾಹ್ನದ ಪತ್ರಿಕೆಯ ಅರ್ಧದಲ್ಲೇ ತಲೆ ಸುತ್ತತೊಡಗಿತಂತೆ, ಪಾಪ.

ಮರುದಿನ ಡಬ್ಬಿಯಲ್ಲಿ ಸ್ವಲ್ಪ ಮೊಸರನ್ನ, ಜೊತೆಗೆ ಬಾಳೆಹಣ್ಣು ಕೊಟ್ಟೆ. ಹೊಟ್ಟೆ ಬಿರಿಯುವಷ್ಟು ಬೇಡ, ನಿದ್ದೆ ಎಳೆಯುತ್ತದೆ. ಉಂಡ ಮೇಲೆ ನೆರಳಿನಲ್ಲಿ ಹತ್ತು ನಿಮಿಷ ನಡೆದಾಡಿ. ಬೇಸಿಗೆ, ನೀರು ಮರೆಯಬೇಡಿ.

ಒಳಗೆ ಕೈ ನಡುಗಿದರೆ ಪೆನ್ನು ಕೆಳಗಿಟ್ಟು ನಾಲ್ಕೈದು ಬಾರಿ ನಿಧಾನವಾಗಿ ಉಸಿರು ಬಿಡಿ. ಪತ್ರಿಕೆಯಲ್ಲಿ 60 ಪ್ರಶ್ನೆಗಳಿರುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.